ಎರಡು ಓಎಸ್, ಒಂದೇ ಡಿ ಡ್ರೈವ್: ವೈರಸ್ ತೆಗೆದ ಮೂರು ದಿನ

ವಿಂಡೋಸ್ 11 ಮತ್ತು ಉಬುಂಟು 24.04 (ಲಿನಕ್ಸ್‌ನ ಒಂದು ರೂಪ) ಎಂಬ ಎರಡು ಓಎಸ್, ಅಂದರೆ ಯಂತ್ರ ನಡೆಸುವ ಮೂಲ ತಂತ್ರಾಂಶಗಳು, ಇರುವ ಲ್ಯಾಪ್‌ಟಾಪಿಗೆ ಪೆನ್ ಡ್ರೈವ್ ಮೂಲಕ ಬಂದ ವೈರಸ್ಸನ್ನು ತೆಗೆಯುವ ಕೆಲಸ ನಿನ್ನೆ ರಾತ್ರಿ ಮುಗಿಯಿತು. ಶನಿವಾರ ಸಂಜೆ ಶುರುವಾಗಿದ್ದು ಸೋಮವಾರ ರಾತ್ರಿಯವರೆಗೆ ಎಳೆಯಿತು. ಹೀಗಾದಾಗ ಸುತ್ತಲಿನವರಿಂದ ಸಾಮಾನ್ಯವಾಗಿ ಎರಡು ಮಾತು ಕೇಳಿಬರುತ್ತವೆ. ಲಿನಕ್ಸ್ ಇದ್ದರೆ ವೈರಸ್ ಚಿಂತೆಯೇ ಬೇಡ ಅನ್ನುವುದು ಒಂದು, ಎರಡನ್ನೂ ಅಳಿಸಿ ಹೊಸದಾಗಿ ಹಾಕಿಬಿಡಿ ಅನ್ನುವುದು ಇನ್ನೊಂದು. ಮೊದಲನೆಯದನ್ನು ನಂಬಿದರೆ ವೈರಸ್ ಎರಡೂ ಓಎಸ್ ಹಂಚಿಕೊಳ್ಳುವ ಡಿ ಡ್ರೈವ್‌ನಲ್ಲೇ ಉಳಿಯುತ್ತದೆ. ಎರಡನೆಯದನ್ನು ನಂಬಿದರೆ ಬೇಕಾದದ್ದೆಲ್ಲ ಹೋಗುತ್ತದೆ, ಡಿ ಡ್ರೈವ್ ಹಾಗೇ ಇದ್ದರೆ ವೈರಸ್ ಮಾತ್ರ ಮರಳಿ ಬರುತ್ತದೆ. ಇದೇ ದಾರಿಯಲ್ಲಿ ಬರುವವರಿಗೆ ಕೈದೀಪವಾಗಲಿ ಎಂದು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಯಂತ್ರದ ವಿವರ ಮೊದಲು. 8 ಜಿಬಿ ರ‍್ಯಾಮ್. 256 ಜಿಬಿಯ ಎಸ್‌ಎಸ್‌ಡಿಯಲ್ಲಿ ವಿಂಡೋಸ್‌ನ ಸಿ ಡ್ರೈವ್‌ಗೆ ಸುಮಾರು 150 ಜಿಬಿ, ಉಬುಂಟುಗೆ 80 ಜಿಬಿ. ಬೇರೆಯಾಗಿ 1 ಟಿಬಿಯ ಹಾರ್ಡ್ ಡಿಸ್ಕ್ ಇದೆ, ಅದು ಪೂರ್ತಿ ಡಿ ಡ್ರೈವ್. ಎರಡೂ ಓಎಸ್‌ನಿಂದ ತೆರೆಯಲು ಬರಲಿ ಎಂದು ಅದನ್ನು ಎನ್‌ಟಿಎಫ್‌ಎಸ್ ಎಂಬ ವಿಂಡೋಸ್‌ನ ಫೈಲು ವ್ಯವಸ್ಥೆಯಲ್ಲಿ ಇಡಲಾಗಿದೆ. ದಿನದ ಕೆಲಸವೆಲ್ಲ ಉಬುಂಟುವಿನಲ್ಲೇ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿರುವ ಪುಸ್ತಕದ ಫೈಲುಗಳನ್ನು ತಿದ್ದಲು ಮತ್ತು ಡಿಜಿಟಲ್ ಸಹಿಯ ಟೋಕನ್ ಬಳಸಲು ಮಾತ್ರ ವಿಂಡೋಸ್ ಬೇಕು. ಕರ್ನಾಟಕದಲ್ಲಿ ಎರಡು ಓಎಸ್ ಇಟ್ಟುಕೊಂಡ ಬಹಳ ಜನರ ಪರಿಸ್ಥಿತಿ ಹೀಗೇ ಇರುತ್ತದೆ.

ಶನಿವಾರ ಮುದ್ರಣಕ್ಕೆ ಕೊಟ್ಟಿದ್ದ ಪೆನ್ ಡ್ರೈವ್ ವಾಪಸ್ ಬಂತು. ವಿಂಡೋಸ್‌ನಲ್ಲಿ ಚುಚ್ಚಿದಾಗ ಒಳಗೆ ಕಂಡಿದ್ದು ಒಂದೇ ಒಂದು ಐಕಾನ್. ಪೆನ್ ಡ್ರೈವ್‌ನದೇ ಹೆಸರು, ಪೆನ್ ಡ್ರೈವ್‌ನದೇ ಚಿತ್ರ, ಮೂಲೆಯಲ್ಲಿ ಪುಟ್ಟ ಬಾಣದ ಗುರುತು. ಡಬಲ್ ಕ್ಲಿಕ್ ಮಾಡಿದರೆ ಎಲ್ಲ ಫೈಲುಗಳೂ ಇರುವ ಕಿಟಕಿ ತೆರೆಯಿತು, ಏನೂ ತಪ್ಪಾಗಿಲ್ಲ ಅನ್ನಿಸಿತು. ಮೋಸ ಇರುವುದು ಅಲ್ಲೇ. ಆ ಶಾರ್ಟ್‌ಕಟ್ ಮೊದಲು ವೈರಸ್ಸಿನ ಸ್ಕ್ರಿಪ್ಟನ್ನು (ಆದೇಶಗಳ ಪಟ್ಟಿಯಿರುವ ಫೈಲನ್ನು) ಓಡಿಸಿ, ಆಮೇಲೆ ನಿಮ್ಮ ಫೈಲುಗಳಿರುವ ಅಡಗಿಸಿಟ್ಟ ಫೋಲ್ಡರನ್ನು ತೆರೆದು ತೋರಿಸುತ್ತದೆ. ಪೆನ್ ಡ್ರೈವ್ ಚುಚ್ಚಿದೊಡನೆ ತಾನಾಗಿ ಓಡುವ ಆಟೋರನ್ ಸೌಲಭ್ಯವನ್ನು ಮೈಕ್ರೋಸಾಫ್ಟ್ 2011ರ ಅಪ್‌ಡೇಟಿನಲ್ಲಿ ಹಳೆಯ ವಿಂಡೋಸ್‌ಗಳಲ್ಲೂ ನಿಲ್ಲಿಸಿತು. 2008ರ ಕಾನ್ಫಿಕರ್ ಎಂಬ ವೈರಸ್ ಹರಡಿದ ದಾರಿಗಳಲ್ಲಿ ಅದೂ ಒಂದಾಗಿತ್ತು. ಆ ಬಾಗಿಲು ಮುಚ್ಚಿದ ಮೇಲೆ ಇಂಥ ವೈರಸ್‌ಗಳಿಗೆ ನಮ್ಮ ಕೈಯ ಕ್ಲಿಕ್ಕೇ ಬೇಕು, ಅದಕ್ಕೇ ಈ ವೇಷ.

ಅನುಮಾನ ಗಟ್ಟಿಯಾಗಿದ್ದು ಅರ್ಧ ಗಂಟೆಯ ನಂತರ. ಇನ್ನೊಂದು ಖಾಲಿ ಪೆನ್ ಡ್ರೈವ್ ಹಾಕಿದಾಗ ಅದರಲ್ಲೂ ಅಂಥದೇ ಶಾರ್ಟ್‌ಕಟ್ ಹುಟ್ಟಿಕೊಂಡಿತು. ಡಿ ಡ್ರೈವ್ ತೆರೆದರೆ ಅಲ್ಲೂ ನಾಲ್ಕು. ಎದೆ ಧಸಕ್ಕೆಂದಿತು. ಹನ್ನೊಂದು ವರ್ಷದ ಕೆಲಸ ಆ ಡ್ರೈವ್‌ನಲ್ಲಿದೆ.

ಮೊದಲು ಮಾಡಬೇಕಾದದ್ದು ವೈಫೈ ಕಿತ್ತುಹಾಕುವುದು, ವಿಂಡೋಸ್ ಮುಚ್ಚುವುದು. ಆದರೆ ಮುಚ್ಚುವ ರೀತಿ ಮುಖ್ಯ. ಮಾಮೂಲಿ ಶಟ್‌ಡೌನ್ ಒತ್ತಿದರೆ ಫಾಸ್ಟ್ ಸ್ಟಾರ್ಟಪ್ ಕಾರಣದಿಂದ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ. ಅರ್ಧ ನಿದ್ದೆಯಲ್ಲಿ ಉಳಿದು ಡ್ರೈವ್‌ಗಳ ಲೆಕ್ಕವನ್ನು ತನ್ನಲ್ಲೇ ಹಿಡಿದುಕೊಳ್ಳುತ್ತದೆ. ಆಗ ಉಬುಂಟು ಆ ಡ್ರೈವ್‌ಗಳನ್ನು ತೆರೆಯಲು ಒಪ್ಪುವುದಿಲ್ಲ, ಇಲ್ಲವೇ ಓದಲು ಮಾತ್ರ ಬಿಡುತ್ತದೆ. ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ, ಇಲ್ಲವೇ ರೀಸ್ಟಾರ್ಟ್ ಕೊಡಿ. ರೀಸ್ಟಾರ್ಟ್‌ಗೆ ಫಾಸ್ಟ್ ಸ್ಟಾರ್ಟಪ್ ಅನ್ವಯಿಸುವುದಿಲ್ಲ. ಇದು ತಿಳಿಯದೆ ಉಬುಂಟುವಿನಲ್ಲಿ ಡಿ ಡ್ರೈವ್ ತೆರೆಯದಿದ್ದಾಗ ವೈರಸ್ಸೇ ಡಿಸ್ಕ್ ಹಾಳು ಮಾಡಿತು ಎಂದು ಕೆಲವರು ಹೆದರುತ್ತಾರೆ. ಇನ್ನು ಕೆಲವರು ಎನ್‌ಟಿಎಫ್‌ಎಸ್‌ಫಿಕ್ಸ್ ಎಂಬ ಲಿನಕ್ಸ್‌ನ ದುರಸ್ತಿ ಆದೇಶ ಓಡಿಸಿಬಿಡುತ್ತಾರೆ. ಅದು ಸಣ್ಣಪುಟ್ಟದ್ದನ್ನು ಮಾತ್ರ ಸರಿಮಾಡಬಲ್ಲದು, ವಿಂಡೋಸ್‌ನ ಚೆಕ್‌ಡಿಸ್ಕ್ ಮಾಡುವ ಕೆಲಸ ಮಾಡುವುದಿಲ್ಲ. ನಿದ್ದೆಯಲ್ಲಿರುವ ವಿಂಡೋಸ್‌ನ ಡ್ರೈವ್‌ಗೆ ಹೊರಗಿನಿಂದ ಬರೆದರೆ ಫೈಲುಗಳೇ ಹಾಳಾಗಬಹುದು.

ಉಬುಂಟುಗೆ ಬಂದ ಕೂಡಲೇ ಮಾಡಿದ್ದು ಸ್ಕ್ಯಾನ್ ಅಲ್ಲ, ಪಾಸ್‌ವರ್ಡ್ ಬದಲಾವಣೆ. ಸ್ಕ್ಯಾನ್ ಬೆಳಗಾಗುವವರೆಗೆ ನಡೆದೀತು, ಕದ್ದ ಪಾಸ್‌ವರ್ಡ್ ಕಾಯುವುದಿಲ್ಲ. ಮೊದಲು ಇಮೇಲ್, ಆಮೇಲೆ ಬ್ಯಾಂಕ್, ಆಮೇಲೆ ಉಳಿದವು. ಇಮೇಲ್ ಮೊದಲು ಏಕೆಂದರೆ ಉಳಿದ ಪಾಸ್‌ವರ್ಡ್‌ಗಳನ್ನು ಮರುಹೊಂದಿಸುವ ಕೊಂಡಿಗಳೆಲ್ಲ ಅಲ್ಲಿಗೇ ಬರುತ್ತವೆ. ಬದಲಿಸಿದ ಮೇಲೆ 'ಎಲ್ಲ ಸಾಧನಗಳಿಂದ ಲಾಗ್‌ಔಟ್' ಒತ್ತುವುದನ್ನು ಮರೆಯಬೇಡಿ. ಬ್ರೌಸರ್‌ನ ಕುಕಿ ಕದ್ದವರಿಗೆ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ, ತೆರೆದ ಲಾಗಿನ್ ಹಾಗೇ ಅವರಿಗೆ ಸಿಗುತ್ತದೆ. ಹತ್ತು ಖಾತೆಗಳಿಗೆ ಒಂದೂವರೆ ಗಂಟೆ ಹಿಡಿಯಿತು. ಹಣ ಹೋಗಿರುವುದು ಕಂಡರೆ ಸ್ಕ್ಯಾನ್ ಪಕ್ಕಕ್ಕಿಟ್ಟು ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬ್ಯಾಂಕಿಗೂ ತಿಳಿಸಿ.

ಈಗ ಎಲ್ಲರೂ ಕೇಳುವ ಪ್ರಶ್ನೆ: ವಿಂಡೋಸ್‌ನ ವೈರಸ್ ಲಿನಕ್ಸ್‌ಗೆ ಹಾರುತ್ತದೆಯೇ? ಒಂದೇ ಸೂರಿನ ಕೆಳಗೆ ಎರಡು ಒಲೆ, ಉಗ್ರಾಣ ಮಾತ್ರ ಒಂದೇ ಇರುವ ಮನೆಯನ್ನು ನೆನಪಿಸಿಕೊಳ್ಳಿ. ಈ ಒಲೆಯ ಬೆಂಕಿ ಆ ಒಲೆಗೆ ತಾಗುವುದಿಲ್ಲ, ಉಗ್ರಾಣಕ್ಕೆ ಇಲಿ ಬಂದರೆ ಎರಡೂ ಅಡುಗೆಗೆ ತೊಂದರೆ. ಒಂದು ಓಎಸ್ ನಡೆಯುವಾಗ ಇನ್ನೊಂದು ಡಿಸ್ಕಿನ ಮೇಲಿನ ಬರೀ ಫೈಲು, ಅಲ್ಲಿ ಏನೂ ಓಡುತ್ತಿರುವುದಿಲ್ಲ. ವಿಂಡೋಸ್‌ಗೆ ಉಬುಂಟುವಿನ ಎಕ್ಸ್ಟ್4 (ಲಿನಕ್ಸ್‌ನ ಫೈಲು ವ್ಯವಸ್ಥೆ) ಪಾರ್ಟಿಷನ್, ಅಂದರೆ ಡಿಸ್ಕಿನ ಆ ಭಾಗ, ಓದಲು ತಾನಾಗಿ ಬರುವುದಿಲ್ಲ. ವಿಂಡೋಸ್‌ಗೆಂದು ಬರೆದ ಸ್ಕ್ರಿಪ್ಟು, ಎಕ್ಸ್‌ಇ ಫೈಲು ಉಬುಂಟುವಿನಲ್ಲಿ ತಾವಾಗಿ ಓಡುವುದಿಲ್ಲ. ಹಾಗಾಗಿ ಹಾರುವಿಕೆ ಅನ್ನುವುದು ಇಲ್ಲವೆಂದೇ ಹೇಳಬಹುದು. ಆದರೆ ಎರಡೂ ಹಂಚಿಕೊಳ್ಳುವ ಜಾಗಗಳು ನಾಲ್ಕಿವೆ: ಡಿ ಡ್ರೈವ್, ಪೆನ್ ಡ್ರೈವ್, ಬ್ರೌಸರ್ ಖಾತೆ, ಮತ್ತು ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಷನ್. ಮೂರು ದಿನದ ಕೆಲಸವೆಲ್ಲ ಈ ನಾಲ್ಕರ ಸುತ್ತಲೇ ನಡೆಯಿತು.

ಓದಲಾಗದ ಪಾರ್ಟಿಷನ್ ಸುರಕ್ಷಿತ ಎಂದುಕೊಳ್ಳಬೇಡಿ. ಅಡ್ಮಿನ್ ಹಕ್ಕು ಪಡೆದ ವೈರಸ್‌ಗೆ ಫೈಲು ಓದುವ ಅಗತ್ಯವೇ ಇಲ್ಲ, ಡಿಸ್ಕಿನ ಮೇಲೆ ನೇರವಾಗಿ ಬರೆಯಬಹುದು. 2016ರ ಪೆಟ್ಯಾ, 2017ರ ಜೂನ್‌ನ ನಾಟ್‌ಪೆಟ್ಯಾ ಎಂಬ ವೈರಸ್‌ಗಳು ಡಿಸ್ಕಿನ ಮೊದಲ ಸೆಕ್ಟರನ್ನೇ ಅಳಿಸಿ ತಮ್ಮದನ್ನು ಬರೆದವು. ಅಂಥದ್ದು ಬಂದರೆ ಎಕ್ಸ್ಟ್4 ಎಂದು ಕನಿಕರ ತೋರಿಸುವುದಿಲ್ಲ.

ಶನಿವಾರ ರಾತ್ರಿ ಎಂಟಕ್ಕೆ ಕ್ಲ್ಯಾಮ್‌ಎವಿ ಎಂಬ ಆಂಟಿವೈರಸ್ ಹಾಕಿದ್ದಾಯಿತು. ಉಬುಂಟುವಿನ ಭಂಡಾರದಲ್ಲೇ ಇದೆ, ಖರ್ಚಿಲ್ಲ. ಮೊದಲ ತೊಡಕು ಅಲ್ಲೇ. ವೈರಸ್‌ಗಳನ್ನು ಗುರುತಿಸುವ ಸಹಿಗಳ ಪಟ್ಟಿ ಇಳಿಸಲು ಅದರದೇ ಫ್ರೆಶ್‌ಕ್ಲ್ಯಾಮ್ ಆದೇಶ ಓಡಿಸಿದರೆ, ಲಾಗ್ ಫೈಲು ಬೇರೆ ಪ್ರೋಸೆಸ್‌ನ ಹಿಡಿತದಲ್ಲಿದೆ ಎಂಬ ದೋಷ ಬಂತು. ಇದು ವೈರಸ್ಸಿನ ಕೆಲಸವಲ್ಲ. ಹಾಕಿದ ಕ್ಷಣದಿಂದ ಹಿನ್ನೆಲೆಯ ಸರ್ವಿಸ್ ಅದೇ ಕೆಲಸ ಮಾಡುತ್ತಿರುತ್ತದೆ. ಹತ್ತು ನಿಮಿಷ ಸುಮ್ಮನಿದ್ದರೆ ಅದೇ ಇಳಿಸಿ ಮುಗಿಸುತ್ತದೆ. ಅವಸರವಿದ್ದರೆ ಸಿಸ್ಟಮ್‌ಸಿಟಿಎಲ್‌ನಿಂದ ಆ ಸರ್ವಿಸ್ ನಿಲ್ಲಿಸಿ ಕೈಯಾರೆ ಓಡಿಸಿ. ಸ್ಕ್ಯಾನ್ ಮಾಡುವಾಗ ಈ ಪಟ್ಟಿಯೇ 1 ಜಿಬಿಗಿಂತ ಹೆಚ್ಚು ರ‍್ಯಾಮ್ ತಿನ್ನುತ್ತದೆ. 4 ಜಿಬಿಯ ಹಳೆಯ ಯಂತ್ರವಾದರೆ ಬ್ರೌಸರ್ ಮುಚ್ಚಿ ಕೂರಿ.

ಸ್ಕ್ಯಾನರ್ ನಿಜಕ್ಕೂ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ಐಕಾರ್ ಎಂಬ 68 ಅಕ್ಷರದ ಪರೀಕ್ಷಾ ಫೈಲು ಇದೆ. ಅದರಿಂದ ಹಾನಿಯಿಲ್ಲ, ಎಲ್ಲ ಆಂಟಿವೈರಸ್‌ಗಳೂ ಅದನ್ನು ವೈರಸ್ ಎಂದೇ ಗುರುತಿಸುವಂತೆ ಮಾಡಲಾಗಿದೆ. ಅದನ್ನು ಹಿಡಿದ ಮೇಲೆಯೇ ಮುಂದೆ ಹೋದದ್ದು.

ಎರಡನೆಯ ತೊಡಕು ದೊಡ್ಡದು. ಎಲ್‌ಎಸ್‌ಬಿಎಲ್‌ಕೆ ಆದೇಶದಲ್ಲಿ ಪಾರ್ಟಿಷನ್‌ಗಳ ಪಟ್ಟಿ ನೋಡಿದರೆ ಸಿ ಡ್ರೈವ್ ಎದುರು ಎನ್‌ಟಿಎಫ್‌ಎಸ್ ಬದಲು ಬಿಟ್‌ಲಾಕರ್ ಎಂದಿತ್ತು. ವಿಂಡೋಸ್ ಡ್ರೈವ್‌ಗೆ ಹಾಕುವ ಗುಪ್ತಲಿಪಿಯ ಬೀಗ ಅದು. ಯಾವತ್ತೂ ಆನ್ ಮಾಡಿದ ನೆನಪಿಲ್ಲ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿವೈಸ್ ಎನ್‌ಕ್ರಿಪ್ಶನ್ ಎಂಬ ಹೆಸರಿನಲ್ಲಿ ಈ ಬೀಗ ತಾನಾಗಿಯೇ ಆನ್ ಆಗುತ್ತದೆ. ಕೀ ಎಲ್ಲಿರುತ್ತದೆ? ಅದೇ ಖಾತೆಗೆ ಬ್ರೌಸರ್‌ನಲ್ಲಿ ಲಾಗಿನ್ ಆಗಿ ಡಿವೈಸ್‌ಗಳ ಪುಟದಲ್ಲಿ ರಿಕವರಿ ಕೀ ನೋಡಿ. ಆರು ಅಂಕಿಯ ಎಂಟು ಗುಂಪು, ಒಟ್ಟು 48 ಅಂಕಿ. ಅದನ್ನು ಕಾಗದದ ಮೇಲೆ ಬರೆದು, ಇನ್ನೊಬ್ಬರಿಂದ ಓದಿಸಿ ತಾಳೆ ನೋಡಿದ್ದಾಯಿತು. ಉಬುಂಟುವಿನ ಫೈಲ್ಸ್‌ನಲ್ಲಿ ಆ ಡ್ರೈವ್ ಕ್ಲಿಕ್ ಮಾಡಿ, ಪಾಸ್‌ವರ್ಡ್ ಕೇಳಿದ ಕಡೆ ಈ 48 ಅಂಕಿಯನ್ನು ನಡುವಿನ ಅಡ್ಡಗೆರೆಗಳ ಸಮೇತ ಕೊಟ್ಟರೆ ತೆರೆಯುತ್ತದೆ. ಎರಡು ಓಎಸ್ ಇಟ್ಟುಕೊಂಡವರು ಈ ಕೀಯನ್ನು ಇವತ್ತೇ ಬರೆದಿಟ್ಟುಕೊಳ್ಳಿ. ಆಧಾರ್, ಪಾನ್ ಇಡುವ ಕವರಿನಲ್ಲೇ ಇಡಿ. ಲ್ಯಾಪ್‌ಟಾಪಿನೊಳಗೆ ಮಾತ್ರ ಬೇಡ.

ಮೊದಲ ಸ್ಕ್ಯಾನ್‌ಗೆ ಎರಡೂ ಡ್ರೈವ್‌ಗಳನ್ನು ಓದಲು ಮಾತ್ರ ಎಂಬಂತೆ ಮೌಂಟ್ ಮಾಡಬೇಕು, ಅಂದರೆ ಉಬುಂಟುಗೆ ಜೋಡಿಸಬೇಕು. ಡಿಸ್ಕ್ಸ್ ಎಂಬ ಉಪಕರಣದ ಮೌಂಟ್ ಆಯ್ಕೆಗಳಲ್ಲಿ 'ಆರ್‌ಓ' ಎಂದು ಸೇರಿಸಿದರೆ ಆಯಿತು. ಆಗ ಕೈತಪ್ಪಿಯೂ ಏನೂ ಅಳಿಯುವುದಿಲ್ಲ. ಕ್ಲ್ಯಾಮ್‌ಸ್ಕ್ಯಾನ್‌ಗೆ ಒಳಗಿನ ಫೋಲ್ಡರ್‌ಗಳನ್ನೂ ನೋಡು, ಸಿಕ್ಕಿದ್ದನ್ನು ಮಾತ್ರ ತೋರಿಸು, ಲಾಗ್ ಬರೆ ಎಂಬ ಮೂರು ಆಯ್ಕೆ ಕೊಟ್ಟು, ರ‍್ಯಾಮಿನಲ್ಲಿದ್ದದ್ದನ್ನು ವಿಂಡೋಸ್ ಇಡುವ ಪೇಜ್‌ಫೈಲ್ ಮತ್ತು ಹೈಬರ್‌ಫೈಲ್ ಎರಡನ್ನೂ ಬಿಟ್ಟು ಓಡಿಸಿದ್ದಾಯಿತು. 'ರಿಮೂವ್' ಆಯ್ಕೆಯನ್ನು ದಯವಿಟ್ಟು ಬಳಸಬೇಡಿ. ಕಾರಣ ಮುಂದೆ ಬರುತ್ತದೆ.

ಸಿ ಡ್ರೈವ್‌ಗೆ ಮೂರು ಗಂಟೆ ಹತ್ತು ನಿಮಿಷ. ಡಿ ಡ್ರೈವ್‌ನಲ್ಲಿ 600 ಜಿಬಿ ತುಂಬಿತ್ತು, ರಾತ್ರಿ ಹನ್ನೊಂದೂವರೆಗೆ ಶುರುವಾಗಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮುಗಿಯಿತು. ಕ್ಲ್ಯಾಮ್‌ಸ್ಕ್ಯಾನ್ ಪ್ರೊಸೆಸರಿನ ಒಂದೇ ಕೋರ್ ಬಳಸುತ್ತದೆ, ಅದಕ್ಕೇ ಈ ನಿಧಾನ. ಬೇಗ ಆಗಬೇಕಾದರೆ ಕ್ಲ್ಯಾಮ್‌ಡಿ ಎಂಬ ಸರ್ವಿಸ್ ಹಾಕಿ, ಕ್ಲ್ಯಾಮ್‌ಡಿಸ್ಕ್ಯಾನ್‌ಗೆ ಮಲ್ಟಿಸ್ಕ್ಯಾನ್ ಆಯ್ಕೆ ಕೊಡಬೇಕು. ಲ್ಯಾಪ್‌ಟಾಪ್ ಚಾರ್ಜರಿಗೆ ಹಾಕಿರಲಿ, ಸ್ಕ್ರೀನ್ ಮುಚ್ಚಿದರೆ ನಿದ್ದೆಗೆ ಹೋಗುವ ಸೆಟ್ಟಿಂಗ್ ಆಫ್ ಇರಲಿ. ರಾತ್ರಿ ಎರಡು ಸಲ ಎದ್ದು ನೋಡಿದ್ದುಂಟು. ನೋಡಿದರೆ ಬೇಗ ಮುಗಿಯುವುದಿಲ್ಲ, ಆದರೂ ಮನಸ್ಸು ಕೇಳುವುದಿಲ್ಲ.

ಲಾಗ್‌ನಲ್ಲಿ 14 ಸಾಲು. ಡಿ ಡ್ರೈವ್ ತೆರೆದೊಡನೆ, ಯಾವ ಫೋಲ್ಡರಿಗೂ ಹೋಗದೆ, ಕಾಣುತ್ತಿದ್ದ ನಾಲ್ಕು ಶಾರ್ಟ್‌ಕಟ್‌ಗಳು. ಅವುಗಳ ಜೊತೆ ಅಡಗಿಸಿಟ್ಟ ಒಂದು ವಿಬಿಎಸ್ ಸ್ಕ್ರಿಪ್ಟ್. ಸಿ ಡ್ರೈವ್‌ನ ಆಪ್‌ಡೇಟಾದ ರೋಮಿಂಗ್ ಫೋಲ್ಡರಿನಲ್ಲಿ ಅದೇ ಸ್ಕ್ರಿಪ್ಟಿನ ಪ್ರತಿ, ಸ್ಟಾರ್ಟಪ್ ಫೋಲ್ಡರಿನಲ್ಲಿ ಇನ್ನೊಂದು. ಟೆಂಪ್ ಫೋಲ್ಡರಿನಲ್ಲಿ ಮೂರು. ಯಾವಾಗಲೋ ಇಳಿಸಿದ ಒಂದು ಕೀಜೆನ್ (ತಂತ್ರಾಂಶಕ್ಕೆ ಕಳ್ಳ ಕೀ ಹುಟ್ಟಿಸುವ ಫೈಲು). ಉಳಿದ ಮೂರು ಹಳೆಯ ಪ್ರಿಂಟರ್ ಡ್ರೈವರಿನ ಇನ್‌ಸ್ಟಾಲರ್‌ಗಳು.

ರಿಮೂವ್ ಬೇಡ ಎಂದದ್ದು ಈ ಕೊನೆಯ ಮೂರರಿಂದಾಗಿ. ಫೈಲಿನ ಬೆರಳಚ್ಚಿನಂಥ ಶಾ256 ಮೊತ್ತ ತೆಗೆದು, ಆ 64 ಅಕ್ಷರವನ್ನು ಹಲವು ಆಂಟಿವೈರಸ್‌ಗಳ ತೀರ್ಪು ತೋರಿಸುವ ವೈರಸ್‌ಟೋಟಲ್ ಜಾಲತಾಣದ ಹುಡುಕು ಪೆಟ್ಟಿಗೆಯಲ್ಲಿ ಹಾಕಿ ನೋಡಿದಾಗ, ವಿಬಿಎಸ್ ಫೈಲನ್ನು ಬಹುಪಾಲು ಆಂಟಿವೈರಸ್‌ಗಳು ಕೆಟ್ಟದ್ದೆಂದವು, ಇನ್‌ಸ್ಟಾಲರ್‌ಗಳನ್ನು ಒಂದೆರಡು ಮಾತ್ರ. ಅಂದರೆ ಆ ಮೂರು ಸುಳ್ಳು ಎಚ್ಚರಿಕೆ. ಇಲ್ಲಿ ಒಂದು ಮಾತು: ಮೊತ್ತವನ್ನು ಮಾತ್ರ ಹುಡುಕಿ, ಫೈಲನ್ನೇ ಏರಿಸಬೇಡಿ. ಏರಿಸಿದ ಫೈಲು ಬೇರೆಯವರ ಕೈಗೂ ಸಿಗುತ್ತದೆ. ಅದರಲ್ಲೂ ಜನರ ದಾಖಲೆ, ಹಸ್ತಪ್ರತಿ ಇರುವ ಫೈಲುಗಳನ್ನು ಏರಿಸಲೇಬಾರದು.

ನಂತರ ಡ್ರೈವ್‌ಗಳನ್ನು ಬರೆಯಲು ಬರುವಂತೆ ಮತ್ತೆ ಮೌಂಟ್ ಮಾಡಿ, ಕೆಟ್ಟ 11 ಫೈಲುಗಳನ್ನು ಉಬುಂಟು ಪಾರ್ಟಿಷನ್‌ನ ಒಂದು ಫೋಲ್ಡರಿಗೆ ಸರಿಸಿ, ಪಾಸ್‌ವರ್ಡ್ ಇರುವ ಜಿಪ್ ಮಾಡಿ ಇಟ್ಟಿದ್ದಾಯಿತು. ಮುಂದೆ ಏನಾದರೂ ಕೆಟ್ಟರೆ ಯಾವುದು ಎಲ್ಲಿತ್ತು ಎಂದು ತಿಳಿಯಬೇಕಲ್ಲ. ಸ್ಥಳದ ಪಟ್ಟಿ ಲಾಗ್‌ನಲ್ಲೇ ಇರುತ್ತದೆ.

ಉಬುಂಟುವಿನ ಹೋಮ್ ಫೋಲ್ಡರನ್ನೂ ಸ್ಕ್ಯಾನ್ ಮಾಡಿದೆ. ಏನೂ ಸಿಗಲಿಲ್ಲ. ಆದರೆ ಅಲ್ಲಿ ವೈನ್ ಹಾಕಿದ್ದು ನೆನಪಾಗಿ ಕೈ ನಡುಗಿತು. ವಿಂಡೋಸ್ ತಂತ್ರಾಂಶವನ್ನು ಲಿನಕ್ಸ್‌ನಲ್ಲಿ ಓಡಿಸುವ ವೈನ್, ಝಡ್ ಎಂಬ ಡ್ರೈವ್ ಹೆಸರಿನಲ್ಲಿ ಇಡೀ ಲಿನಕ್ಸ್ ಫೈಲುಗಳನ್ನು ಆ ತಂತ್ರಾಂಶಕ್ಕೆ ತೋರಿಸುತ್ತದೆ. ವೈನ್ ಇದ್ದು, ಡಿ ಡ್ರೈವ್‌ನ ಕೆಟ್ಟ ಎಕ್ಸ್‌ಇ ಮೇಲೆ ಡಬಲ್ ಕ್ಲಿಕ್ ಮಾಡಿದರೆ, ನಿಮ್ಮ ಹೆಸರಿನಲ್ಲಿ ಬರೆಯಲು ಬರುವ ಪ್ರತಿ ಫೈಲೂ ಅದರ ಬಾಯಿಗೆ ಸಿಗುತ್ತದೆ. ವೈನ್ ಬೇಡದಿದ್ದರೆ ತೆಗೆಯಿರಿ. ಬೇಕಾದರೆ ವೈನ್‌ಸಿಎಫ್‌ಜಿಯ ಡ್ರೈವ್ಸ್ ಪಟ್ಟಿಯಲ್ಲಿ ಝಡ್ ಅಳಿಸಿ. ಅದೂ ಪೂರ್ತಿ ಗೋಡೆಯಲ್ಲ, ಆದರೂ ಸಾಮಾನ್ಯ ವೈರಸ್‌ಗೆ ಫೈಲುಗಳು ಸುಲಭಕ್ಕೆ ಕಾಣುವುದಿಲ್ಲ.

ಪೆನ್ ಡ್ರೈವ್‌ಗಳ ಕೆಲಸ ಸುಲಭ. ಉಬುಂಟುವಿನಲ್ಲಿ ಹಾಕಿದರೆ ವಿಂಡೋಸ್‌ನ ಅಡಗಿಸುವ ಗುರುತಿಗೆ ಬೆಲೆಯಿಲ್ಲ, ಎಲ್ಲವೂ ಕಣ್ಣಿಗೆ ಬೀಳುತ್ತದೆ. ಹೆಸರೇ ಇಲ್ಲದಂತೆ ತೋರುವ ಒಂದು ಫೋಲ್ಡರ್, ಅದರೊಳಗೆ ನಿಜವಾದ ಫೈಲುಗಳು, ಹೊರಗೆ ಶಾರ್ಟ್‌ಕಟ್ ಮತ್ತು ಸ್ಕ್ರಿಪ್ಟ್. ಆ ಫೋಲ್ಡರಿಗೆ ಹೆಸರಿಲ್ಲ ಎಂದಲ್ಲ, ಕಣ್ಣಿಗೆ ಕಾಣದ ಖಾಲಿ ಅಕ್ಷರವೇ ಅದರ ಹೆಸರು. ಬೇಕಾದ ಪಿಡಿಎಫ್, ಚಿತ್ರಗಳನ್ನು ನಕಲು ಮಾಡಿಕೊಂಡು ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿದೆ. ಶಾರ್ಟ್‌ಕಟ್ ಮಾತ್ರ ಅಳಿಸಿ ಬಿಟ್ಟರೆ ಫೋಲ್ಡರ್ ವಿಂಡೋಸ್‌ನಲ್ಲಿ ಅಡಗಿಯೇ ಇರುತ್ತದೆ. ಫೈಲುಗಳೆಲ್ಲ ಹೋದವು ಎಂದು ಅಳುವವರನ್ನು ಕಂಡಿದ್ದೇನೆ, ಅವು ಅಲ್ಲೇ ಇರುತ್ತವೆ. ವಿಂಡೋಸ್ ಮಾತ್ರ ಇರುವವರು ಕಮಾಂಡ್ ಪ್ರಾಂಪ್ಟಿನಲ್ಲಿ ಅಟ್ರಿಬ್ ಆದೇಶದಿಂದ ಎಚ್, ಆರ್, ಎಸ್ ಮೂರೂ ಗುರುತುಗಳನ್ನು ತೆಗೆದರೆ ಮತ್ತೆ ಕಾಣುತ್ತವೆ.

ಭಾನುವಾರ ಮಧ್ಯಾಹ್ನ ಬೂಟ್ ಪಾರ್ಟಿಷನ್ ನೋಡುವ ಸರದಿ. ಹೆಚ್ಚಿನವರು ಇದನ್ನು ಮುಟ್ಟುವುದೇ ಇಲ್ಲ, ಎರಡು ಓಎಸ್ ನಿಜವಾಗಿ ಭೇಟಿಯಾಗುವುದು ಇಲ್ಲೇ. ವಿಂಡೋಸ್ ಸಾಮಾನ್ಯವಾಗಿ 100 ಎಂಬಿಯ ಒಂದು ಫ್ಯಾಟ್32 ಪಾರ್ಟಿಷನ್ ಮಾಡುತ್ತದೆ, ಉಬುಂಟು ಕೂಡ ತನ್ನ ಬೂಟ್ ಫೈಲುಗಳನ್ನು ಅದರಲ್ಲೇ ಇಡುತ್ತದೆ. ಅಡ್ಮಿನ್ ಹಕ್ಕಿದ್ದರೆ ಯಾವ ಓಎಸ್‌ನಿಂದಲೂ ಅಲ್ಲಿ ಬರೆಯಬಹುದು. ಬ್ಲ್ಯಾಕ್‌ಲೋಟಸ್ ಎಂಬ ಬೂಟ್‌ಕಿಟ್ (ಓಎಸ್‌ಗಿಂತ ಮೊದಲೇ ಏಳುವ ವೈರಸ್), ಸಹಿಯಿಲ್ಲದ ಬೂಟ್ ಫೈಲುಗಳನ್ನು ತಡೆಯುವ ಸೆಕ್ಯೂರ್ ಬೂಟ್ ಆನ್ ಇದ್ದರೂ ವಿಂಡೋಸ್‌ನಲ್ಲಿ ನುಗ್ಗುತ್ತದೆ ಎಂದು 2023ರ ಮಾರ್ಚ್‌ನಲ್ಲಿ ಈಸೆಟ್ ಎಂಬ ಆಂಟಿವೈರಸ್ ಸಂಸ್ಥೆ ವಿವರಿಸಿತು. 2024ರ ನವೆಂಬರಿನಲ್ಲಿ ಅದೇ ಸಂಸ್ಥೆ ಲಿನಕ್ಸ್‌ಗೆಂದೇ ಬರೆದ ಬೂಟ್‌ಕಿಟ್ಟಿ ಬಗ್ಗೆ ತಿಳಿಸಿತು. ಅದು ಪ್ರಯೋಗದ ಹಂತದ್ದು, ದಾಳಿಗೆ ಬಳಸಿದ್ದಲ್ಲ. ಪೆನ್ ಡ್ರೈವ್‌ನ ಶಾರ್ಟ್‌ಕಟ್ ವೈರಸ್ ಇಷ್ಟು ಆಳಕ್ಕೆ ಹೋಗುವುದು ಅಪರೂಪ. ಆದರೂ ಪರೀಕ್ಷೆಗೆ ಹತ್ತು ನಿಮಿಷ ಸಾಕು.

ಇಎಫ್‌ಐ ಫೋಲ್ಡರಿನಲ್ಲಿ ಮೈಕ್ರೋಸಾಫ್ಟ್, ಬೂಟ್, ಉಬುಂಟು ಎಂಬ ಮೂರು ಫೋಲ್ಡರ್, ಜೊತೆಗೆ ಲ್ಯಾಪ್‌ಟಾಪ್ ಕಂಪನಿಯದೊಂದು ಇದ್ದರೆ ಸಹಜ. ಗುರುತಿಲ್ಲದ ಹೆಸರು, ಇತ್ತೀಚಿನ ತಾರೀಖಿನ ಫೈಲು ಇದ್ದರೆ ಅನುಮಾನಿಸಿ. ಇಎಫ್‌ಐಬೂಟ್‌ಎಂಜಿಆರ್ ಆದೇಶ ಬೂಟ್ ಪಟ್ಟಿಯನ್ನೂ ಪ್ರತಿಯೊಂದೂ ಯಾವ ಫೈಲನ್ನು ಕರೆಯುತ್ತದೆ ಎಂಬುದನ್ನೂ ತೋರಿಸುತ್ತದೆ. ಉಬುಂಟು ಬೂಟ್ ಆಗುವಾಗ ಮೊದಲು ಓಡುವ ಶಿಮ್ ಫೈಲನ್ನು ಪ್ಯಾಕೇಜಿನಲ್ಲಿರುವ ಮೂಲದೊಂದಿಗೆ ಸಿಎಂಪಿ ಆದೇಶದಿಂದ ಹೋಲಿಸಿದಾಗ ವ್ಯತ್ಯಾಸ ಬರಲಿಲ್ಲ, ಯಾವ ಓಎಸ್ ಬೇಕೆಂದು ಕೇಳುವ ಮೆನು ತೋರಿಸುವ ಗ್ರಬ್‌ನಲ್ಲೂ ಇಲ್ಲ. ವ್ಯತ್ಯಾಸ ಬಂದಿದ್ದರೆ ಶಿಮ್ ಮತ್ತು ಗ್ರಬ್‌ನ ಸಹಿ ಇರುವ ಪ್ಯಾಕೇಜುಗಳನ್ನು ಮರುಸ್ಥಾಪಿಸಿ, ಗ್ರಬ್ ಮತ್ತೆ ಬರೆಸಿ, ಪುನಃ ಹೋಲಿಸಬೇಕಿತ್ತು.

ಬೂಟ್ ವಿಷಯದಲ್ಲಿ ವೈರಸ್ ಅಲ್ಲದ್ದನ್ನು ವೈರಸ್ ಎಂದು ಹೆದರುವ ಸಂದರ್ಭಗಳೇ ಹೆಚ್ಚು. 2024ರ ಆಗಸ್ಟ್ 13ರ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಅನೇಕರ ಲಿನಕ್ಸ್ ಬೂಟ್ ಆಗದೆ, ಎಸ್‌ಬ್ಯಾಟ್ (ಹಳೆಯ ಬೂಟ್ ಫೈಲುಗಳನ್ನು ತಡೆಯುವ ವ್ಯವಸ್ಥೆ) ಪರಿಶೀಲನೆ ವಿಫಲ, ಏನೋ ಗಂಭೀರವಾಗಿ ತಪ್ಪಿದೆ ಎಂಬ ಅರ್ಥದ ಸಂದೇಶ ಬಂತು. ಅಪ್‌ಡೇಟ್ ಹಳೆಯ ಶಿಮ್‌ಗಳನ್ನು ತಡೆದಿದ್ದೇ ಕಾರಣ. ಸೆಕ್ಯೂರ್ ಬೂಟ್ ಆಫ್ ಮಾಡಿ, ಉಬುಂಟುಗೆ ಹೋಗಿ, ಮೋಕ್‌ಯುಟಿಲ್ ಆದೇಶದಿಂದ ಎಸ್‌ಬ್ಯಾಟ್ ನೀತಿ ಅಳಿಸಿ, ಮತ್ತೆ ಆನ್ ಮಾಡುವುದು ಆಗಿನ ಪರಿಹಾರವಾಗಿತ್ತು. ಹಾಗೆಯೇ ವಿಂಡೋಸ್ ಅಪ್‌ಡೇಟ್ ನಂತರ ಗ್ರಬ್ ಮೆನು ಕಾಣೆಯಾದರೆ ಸಾಮಾನ್ಯವಾಗಿ ಬೂಟ್ ಕ್ರಮ ಬದಲಾಗಿರುತ್ತದೆ ಅಷ್ಟೇ. ಬಯೋಸ್‌ನಲ್ಲಿ ಉಬುಂಟುವನ್ನು ಮೇಲಕ್ಕೆ ತಂದರೆ ಸಾಕು. ಸೆಕ್ಯೂರ್ ಬೂಟ್ ಮುಟ್ಟುವ ಮೊದಲು ಬಿಟ್‌ಲಾಕರ್ ಕೀ ಕೈಯಲ್ಲಿರಲಿ. ಆಫ್ ಮಾಡಿದ ಮೇಲೆ ವಿಂಡೋಸ್ 48 ಅಂಕಿ ಕೇಳುವ ಸಾಧ್ಯತೆ ಬಹಳ.

ಸೋಮವಾರ ಬೆಳಿಗ್ಗೆ ವೈಫೈ ಇಲ್ಲದೆ ವಿಂಡೋಸ್ ತೆರೆದೆ. ಗ್ರಬ್‌ನಿಂದ ಆರಿಸಿದಾಗ ನೀಲಿ ಪರದೆಯಲ್ಲಿ ಬಿಟ್‌ಲಾಕರ್ ಕೀ ಕೇಳಿತು. ಶಿಮ್, ಗ್ರಬ್ ದಾಟಿ ಬಂದರೆ ಬಿಟ್‌ಲಾಕರ್‌ನ ಕೀ ಕಾಯುವ ಟಿಪಿಎಂ ಚಿಪ್‌ಗೆ ಬೂಟ್ ಆದ ದಾರಿ ಬೇರೆಯಾಗಿ ಕಾಣುತ್ತದೆ, ಅದಕ್ಕೆ. ಬಯೋಸ್‌ನ ಬೂಟ್ ಮೆನುವಿನಿಂದ ನೇರವಾಗಿ ವಿಂಡೋಸ್ ಬೂಟ್ ಮ್ಯಾನೇಜರ್ ಆರಿಸಿದರೆ ಕೇಳಲಿಲ್ಲ. ಈ ಮೆನುವಿನ ಕೀ ಒಂದೊಂದು ಲ್ಯಾಪ್‌ಟಾಪಿನಲ್ಲಿ ಒಂದೊಂದು: ಎಫ್12, ಎಫ್9, ಎಸ್ಕೇಪ್.

ಒಳಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದೆ. ಮತ್ತೆ ಕ್ಷಣಕಾಲ ಭಯ. ಇದೂ ವೈರಸ್ ಅಲ್ಲ. ಉಬುಂಟು ಯಂತ್ರದ ಗಡಿಯಾರದಲ್ಲಿ ಯುಟಿಸಿ ಎಂಬ ಜಾಗತಿಕ ಸಮಯ ಬರೆಯುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯ ಎಂದು ಓದುತ್ತದೆ, ಭಾರತಕ್ಕೂ ಯುಟಿಸಿಗೂ ಇರುವ ಅಂತರ 5 ಗಂಟೆ 30 ನಿಮಿಷ. ಇಂಟರ್ನೆಟ್ ಇದ್ದರೆ ತಾನಾಗಿ ಸರಿಹೋಗುತ್ತಿತ್ತು, ಕಿತ್ತಿಟ್ಟದ್ದರಿಂದ ಎದ್ದು ಕಂಡಿತು. ಉಬುಂಟುವಿನ ಟೈಮ್‌ಡೇಟ್‌ಸಿಟಿಎಲ್‌ನಲ್ಲಿ ಲೋಕಲ್ ಆರ್‌ಟಿಸಿ 1 ಎಂದು ಕೊಟ್ಟರೆ ತೀರುತ್ತದೆ. ಇದನ್ನು ಮೊದಲೇ ಮಾಡಿಕೊಳ್ಳಿ, ಇಲ್ಲದಿದ್ದರೆ ವೈರಸ್ ಫೈಲು ಯಾವಾಗ ಹುಟ್ಟಿತು ಎಂಬ ಲೆಕ್ಕವೇ ತಪ್ಪುತ್ತದೆ.

ಲಾಗಿನ್ ಆದ ಕೂಡಲೇ ವಿಂಡೋಸ್ ಸ್ಕ್ರಿಪ್ಟ್ ಹೋಸ್ಟ್ ಎಂಬ ಪೆಟ್ಟಿಗೆ ಬಂದು, ಸ್ಕ್ರಿಪ್ಟ್ ಫೈಲು ಸಿಗುತ್ತಿಲ್ಲ ಎಂದಿತು. ಇದು ಒಳ್ಳೆಯ ಸುದ್ದಿ. ಫೈಲು ಹೋಗಿದೆ, ಅದನ್ನು ಕರೆಯುವ ಸಾಲು ಎಲ್ಲೋ ಉಳಿದಿದೆ ಎಂದರ್ಥ. ಮೈಕ್ರೋಸಾಫ್ಟ್‌ನದೇ ಆದ ಆಟೋರನ್ಸ್ ಎಂಬ ಉಚಿತ ಸಿಸ್‌ಇಂಟರ್ನಲ್ಸ್ ಉಪಕರಣವನ್ನು ಉಬುಂಟುವಿನಲ್ಲೇ ಇಳಿಸಿ ಡಿ ಡ್ರೈವ್‌ನಲ್ಲಿ ಇಟ್ಟಿದ್ದೆ. ಫೈಲು ಇಲ್ಲದ ಸಾಲುಗಳನ್ನು ಅದು ಹಳದಿ ಬಣ್ಣದಲ್ಲಿ ತೋರಿಸುತ್ತದೆ. ಲಾಗಿನ್ ಆದಾಗ ಓಡಬೇಕಾದವನ್ನು ಬರೆದಿಡುವ ರನ್ ಕೀಯಲ್ಲಿ ಒಂದು, ಹೊತ್ತಿಗೆ ಸರಿಯಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು. ಎರಡನೆಯದು ಸ್ಕ್ರಿಪ್ಟನ್ನು ಮತ್ತೆ ಮತ್ತೆ ಕರೆಯಲು ಇಟ್ಟದ್ದು. ಎರಡನ್ನೂ ಅಳಿಸಿದೆ. ಹಳದಿ ಇದ್ದದ್ದೆಲ್ಲ ವೈರಸ್ ಅಲ್ಲ, ತೆಗೆದ ತಂತ್ರಾಂಶಗಳ ಅವಶೇಷವೂ ಹಾಗೇ ಕಾಣುತ್ತದೆ. ಡಬ್ಲ್ಯುಸ್ಕ್ರಿಪ್ಟ್ ಎಂದು ಶುರುವಾಗಿ ಆಪ್‌ಡೇಟಾ ಕಡೆ ಬೊಟ್ಟು ಮಾಡುವ ಸಾಲನ್ನು ಹುಡುಕಿ.

ಆಮೇಲೆ ವಿಂಡೋಸ್‌ನದೇ ಆಂಟಿವೈರಸ್ ಆದ ಡಿಫೆಂಡರ್‌ನ ಎಕ್ಸ್‌ಕ್ಲೂಷನ್ಸ್ ಪಟ್ಟಿ. ಇದನ್ನು ಯಾರೂ ನೋಡುವುದಿಲ್ಲ, ನೋಡಲೇಬೇಕು. ಅಲ್ಲಿ ಆಪ್‌ಡೇಟಾ ಫೋಲ್ಡರನ್ನು ಸ್ಕ್ಯಾನ್‌ನಿಂದ ಹೊರಗಿಡುವ ಒಂದು ನಮೂದು ಇತ್ತು. ಡಿಫೆಂಡರ್ ಶನಿವಾರ ಮೌನವಾಗಿದ್ದ ಕಾರಣ ಆಗ ತಿಳಿಯಿತು. ಅದನ್ನು ತೆಗೆದು, ವೈಫೈ ಹಾಕಿ, ಸಹಿಗಳ ಪಟ್ಟಿ ಹೊಸದು ಮಾಡಿ, ವಿಂಡೋಸ್ ಏಳುವ ಮೊದಲೇ ನಡೆಯುವ ಆಫ್‌ಲೈನ್ ಸ್ಕ್ಯಾನ್ ಕೊಟ್ಟೆ.

ಯಂತ್ರ ರೀಸ್ಟಾರ್ಟ್ ಆಯಿತು, ನೇರ ಉಬುಂಟುಗೆ ಬಂತು. ಗ್ರಬ್‌ನ ಹತ್ತು ಸೆಕೆಂಡು ಕಳೆದರೆ ಉಬುಂಟುವೇ ತೆರೆಯುವುದು ವಾಡಿಕೆ. ಆಫ್‌ಲೈನ್ ಸ್ಕ್ಯಾನ್‌ನ ಸೂಚನೆ ಇರುವುದು ವಿಂಡೋಸ್ ಬೂಟ್ ಮ್ಯಾನೇಜರಿನೊಳಗೆ, ಆ ಬಾಗಿಲಿಗೆ ಹೋಗದೆ ಅದು ಶುರುವಾಗುವುದಿಲ್ಲ. ಮತ್ತೆ ಬೂಟ್ ಮೆನುವಿನಿಂದ ವಿಂಡೋಸ್ ಆರಿಸಿದೆ. ಈ ಸಲ ಮಾಮೂಲಿ ವಿಂಡೋಸ್ ಬಂತು, ಸ್ಕ್ಯಾನ್ ಇಲ್ಲ. ರೀಏಜೆಂಟ್‌ಸಿ ಆದೇಶದ ಇನ್ಫೋ ನೋಡಿದರೆ ಈ ಸ್ಕ್ಯಾನ್ ನಡೆಯಬೇಕಾದ ರಿಕವರಿ ಪರಿಸರ ಡಿಸೇಬಲ್ಡ್, ಅಂದರೆ ಆಫ್. ಎನೇಬಲ್ ಕೊಟ್ಟೆ, ಒಪ್ಪಿತು. ಉಬುಂಟು ಹಾಕುವಾಗ ಜಾಗ ಬೇಕೆಂದು ರಿಕವರಿ ಪಾರ್ಟಿಷನ್ ಅಳಿಸಿದವರಿಗೆ ಇಷ್ಟು ಸುಲಭಕ್ಕೆ ಆಗುವುದಿಲ್ಲ. ಬಿಟ್‌ಲಾಕರ್ ಇರುವ ಸಿ ಡ್ರೈವ್‌ನಲ್ಲಿ ಅದನ್ನು ಇಡಲು ವಿಂಡೋಸ್ ಒಪ್ಪುವುದಿಲ್ಲ. ಅಂಥವರು ಉಬುಂಟುವಿನಿಂದ ಮಾಡುವ ಸ್ಕ್ಯಾನ್ ಜೊತೆಗೆ ಡಿಫೆಂಡರ್‌ನ ಫುಲ್ ಸ್ಕ್ಯಾನ್ ಮಾಡಿಸಿ.

ಎರಡನೆಯ ಪ್ರಯತ್ನದಲ್ಲಿ ಕಣ್ಣು ಮಿಟುಕಿಸದೆ ಕೂತು ವಿಂಡೋಸ್ ಆರಿಸಿದೆ. ಸ್ಕ್ಯಾನ್ 17 ನಿಮಿಷ ನಡೆದು ಮುಗಿಯಿತು. ಫಲಿತಾಂಶ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ ಇರುತ್ತದೆ: ಟೆಂಪ್ ಫೋಲ್ಡರಿನ ಇನ್ನೊಂದು ಫೈಲು ಸಿಕ್ಕಿ ತೆಗೆದಿತ್ತು. ಕ್ಲ್ಯಾಮ್‌ಎವಿ ಅದನ್ನು ಬಿಟ್ಟಿತ್ತು. ಒಂದೇ ಸ್ಕ್ಯಾನರ್ ನಂಬಬೇಡಿ ಎನ್ನುವುದು ಇದಕ್ಕೇ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2017ರ ಫೆಬ್ರವರಿಯಲ್ಲಿ ಶುರುಮಾಡಿದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲೂ ವಿಂಡೋಸ್‌ಗೆ ಉಚಿತ ಉಪಕರಣಗಳಿವೆ. ಅಲ್ಲಿಂದ ಇಳಿಸಿದ್ದರಲ್ಲಿ ಏನೂ ಸಿಗಲಿಲ್ಲ.

ಕೊನೆಯ ಇಲಿ ಸಿಕ್ಕಿದ್ದು ಬ್ರೌಸರ್‌ನಲ್ಲಿ. ಕ್ರೋಮ್‌ನ ಎಕ್ಸ್‌ಟೆನ್ಷನ್ ಪಟ್ಟಿಯಲ್ಲಿ ಹಾಕಿದ ನೆನಪೇ ಇಲ್ಲದ ಪಿಡಿಎಫ್ ಪರಿವರ್ತಕ, ಎಲ್ಲ ಜಾಲತಾಣಗಳ ಮಾಹಿತಿ ಓದುವ ಅನುಮತಿಯೊಂದಿಗೆ. ಉಬುಂಟುವಿನ ಕ್ರೋಮ್ ತೆರೆದರೆ ಅಲ್ಲೂ ಅದೇ! ಒಂದೇ ಖಾತೆಯಿಂದ ಸಿಂಕ್ ಆಗಿ ಬಂದಿತ್ತು. ಎಕ್ಸ್ಟ್4 ಆಗಲಿ, ಎನ್‌ಟಿಎಫ್‌ಎಸ್ ಆಗಲಿ ಇದಕ್ಕೆ ಅಡ್ಡಿಯೇ ಅಲ್ಲ. ಎಕ್ಸ್‌ಟೆನ್ಷನ್‌ಗೆ ಬ್ರೌಸರೇ ಓಎಸ್. ಹಾಗಾಗಿ ಶನಿವಾರ ಉಬುಂಟುವಿನಲ್ಲಿ ಬದಲಿಸಿದ ಪಾಸ್‌ವರ್ಡ್‌ಗಳನ್ನೆಲ್ಲ ಅದನ್ನು ತೆಗೆದ ಮೇಲೆ ಇನ್ನೊಮ್ಮೆ ಬದಲಿಸಬೇಕಾಯಿತು, ಮತ್ತೆ ಒಂದೂವರೆ ಗಂಟೆ. ನೀವು ಪಾಸ್‌ವರ್ಡ್ ಮುಟ್ಟುವ ಮೊದಲು ಎಕ್ಸ್‌ಟೆನ್ಷನ್ ಪಟ್ಟಿ ನೋಡಿ, ಇಲ್ಲವೇ ಸಿಂಕ್ ಇಲ್ಲದ ಹೊಸ ಪ್ರೊಫೈಲ್‌ನಲ್ಲಿ ಬದಲಿಸಿ.

ಖರ್ಚು: ಹೊಸ ಪೆನ್ ಡ್ರೈವ್‌ಗೆ 450 ರೂಪಾಯಿ, ಬ್ಯಾಕಪ್‌ಗೆ 1 ಟಿಬಿಯ ಹೊರ ಹಾರ್ಡ್ ಡಿಸ್ಕಿಗೆ 4,800. ಡಿಸ್ಕನ್ನು ಎಕ್ಸ್ಟ್4ನಲ್ಲಿ ಫಾರ್ಮ್ಯಾಟ್ ಮಾಡಿ, ಉಬುಂಟುವಿನಿಂದ ಮಾತ್ರ ಬ್ಯಾಕಪ್ ತೆಗೆಯುವ ವ್ಯವಸ್ಥೆ ಮಾಡಿದ್ದೇನೆ. ವಿಂಡೋಸ್ ನಡೆಯುವಾಗ ಅದನ್ನು ಚುಚ್ಚಬಾರದು. ಮರೆತು ಚುಚ್ಚಿದರೆ 'ಈ ಡಿಸ್ಕ್ ಬಳಸಲು ಫಾರ್ಮ್ಯಾಟ್ ಮಾಡಬೇಕು' ಎಂದು ವಿಂಡೋಸ್ ಕೇಳುತ್ತದೆ. ಹೌದು ಒತ್ತಿದರೆ ಬ್ಯಾಕಪ್ ಹೋಯಿತು. ಡಿಸ್ಕಿನ ಮೇಲೆ ಮಾರ್ಕರ್‌ನಲ್ಲಿ 'ಉಬುಂಟು ಮಾತ್ರ' ಎಂದು ಬರೆದದ್ದಾಗಿದೆ. ಡಿ ಡ್ರೈವ್‌ನಲ್ಲೂ ಬದಲಾವಣೆ: ವಿಂಡೋಸ್‌ಗೆ ಬೇಕಾದ ನುಡಿ ಫೈಲುಗಳಿಗೆ 60 ಜಿಬಿ ಸಾಕು, ಉಳಿದದ್ದು ಇನ್ನು ಮುಂದೆ ಉಬುಂಟುವಿನದು.

ರಾತ್ರಿ ಹತ್ತಕ್ಕೆ ಕೊನೆಯ ಪರೀಕ್ಷೆ. ಹೊಸ ಪೆನ್ ಡ್ರೈವ್‌ನಲ್ಲಿ ಒಂದೇ ಒಂದು ಟೆಕ್ಸ್ಟ್ ಫೈಲು ಇಟ್ಟು ವಿಂಡೋಸ್‌ನಲ್ಲಿ ಚುಚ್ಚಿ, ಎರಡು ಸಲ ರೀಸ್ಟಾರ್ಟ್ ಮಾಡಿ, ಒಂದು ಗಂಟೆ ಬಿಟ್ಟೆ. ಆಮೇಲೆ ಉಬುಂಟುವಿನಲ್ಲಿ ತೆರೆದು, ಅಡಗಿದ ಫೈಲುಗಳೂ ಕಾಣುವಂತೆ ಕಂಟ್ರೋಲ್ ಮತ್ತು ಎಚ್ ಒತ್ತಿದೆ. ವಿಂಡೋಸ್ ಪ್ರತಿ ಡ್ರೈವ್‌ನಲ್ಲೂ ತಾನೇ ಮಾಡುವ ಸಿಸ್ಟಮ್ ವಾಲ್ಯೂಮ್ ಇನ್ಫರ್ಮೇಷನ್ ಫೋಲ್ಡರ್ ಇತ್ತು, ಇಟ್ಟಿದ್ದ ಟೆಕ್ಸ್ಟ್ ಫೈಲು ಇತ್ತು. ಬೇರೇನೂ ಇರಲಿಲ್ಲ.